ಬಿರುಕು ಕಟ್ಟಿದ ಕೋಟೆ

ಒನಕೆ ಓಬವ್ವನ ಕಥೆ ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಚಿತ್ರದುರ್ಗದ ಕೋಟೆಯ ಕಾವಲುಗಾರ ಮುದ್ದಹನುಮ ಊಟಕ್ಕೆಂದು ಮನೆಗೆ ಬಂದಿದ್ದಾನೆ. ಹೆಂಡತಿ ಓಬವ್ವ ಕೊಡ ಹಿಡಿದು ನೀರಿಗೆ ಹೋಗಿದ್ದಾಳೆ. ಬಂಡೆಗಳ ನಡುವಿನ ಸಣ್ಣ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳುತ್ತಿರುವುದು ಅವಳ ಕಣ್ಣಿಗೆ ಬೀಳುತ್ತದೆ. ಮುಂದಿನದನ್ನು ಶಾಲೆಯ ಪಾಠದಲ್ಲಿ ಓದಿದ್ದೇವೆ, 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿಯವರ ಅಭಿನಯದಲ್ಲಿ ನೋಡಿದ್ದೇವೆ.

ಈ ಕಥೆಯಲ್ಲಿ ನಾವು ಒನಕೆಯನ್ನು ಗಮನಿಸಿದಷ್ಟು ಇನ್ನೆರಡು ಸಂಗತಿಗಳನ್ನು ಗಮನಿಸಿಲ್ಲ. ಮೊದಲನೆಯದು ನೀರು. ಚಿತ್ರದುರ್ಗ ಮಳೆ ಕಡಿಮೆಯ ಸೀಮೆ. ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್. ಬೆಟ್ಟವೆಂದರೆ ಬಹುಪಾಲು ಬೋಳು ಬಂಡೆ. ಮೇಲೆ ಹೊಳೆಯಿಲ್ಲ, ಹಳ್ಳವಿಲ್ಲ. ಹೀಗಿರುವಾಗ ಓಬವ್ವನ ಕೊಡಕ್ಕೆ ನೀರು ಎಲ್ಲಿಂದ ಬಂತು? ಎರಡನೆಯದು ಆ ಕಿಂಡಿ. ಏಳು ಸುತ್ತು ಗೋಡೆ ಎಬ್ಬಿಸಿದ ಜನ, ಒಬ್ಬ ಮನುಷ್ಯ ತೂರಿ ಬರುವಷ್ಟು ಸಂದನ್ನು ಹೇಗೆ ಉಳಿಸಿದರು?

ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ: ಕಲ್ಲು ಬಿಟ್ಟ ಬಿರುಕು. ಗೋಡೆಗೆ ಕಲ್ಲು ಒದಗಿದ್ದು ಬಿರುಕಿನಿಂದ, ಹೊಂಡಕ್ಕೆ ನೀರು ಕೂಡಿದ್ದು ಬಿರುಕಿನಿಂದ, ಶತ್ರುವಿಗೆ ದಾರಿ ಸಿಕ್ಕಿದ್ದೂ ಬಿರುಕಿನಿಂದಲೇ. ಆ ಬಿರುಕು ಹುಟ್ಟಿದ್ದು ಹೇಗೆ ಎಂಬುದು ಅರ್ಥವಾದರೆ ‘ಕಲ್ಲಿನ ಕೋಟೆ’ ಪೂರ್ತಿಯಾಗಿ ಅರ್ಥವಾಗುತ್ತದೆ.

ಹೊರೆ ಇಳಿದ ಕಲ್ಲು

ದುರ್ಗದ ಬೆಟ್ಟಗಳ ಗ್ರಾನೈಟಿಗೆ 250 ಕೋಟಿ ವರ್ಷಕ್ಕೂ ಹೆಚ್ಚಿನ ವಯಸ್ಸು. ಇಂದು ಆಕಾಶಕ್ಕೆ ಮುಖ ಮಾಡಿ ನಿಂತಿರುವ ಈ ಕಲ್ಲು ಹುಟ್ಟಿದ್ದು ನೆಲದಾಳದಲ್ಲಿ, ಹಲವು ಕಿಲೋಮೀಟರ್ ಕೆಳಗೆ. ಅಲ್ಲಿ ಕರಗಿದ ಶಿಲಾಪಾಕ ನಿಧಾನವಾಗಿ ತಣಿದು, ಬರಿಗಣ್ಣಿಗೆ ಕಾಣುವಷ್ಟು ದಪ್ಪ ಹರಳುಗಳಾಗಿ ಗಟ್ಟಿಯಾಯಿತು. ಕೋಟೆಯ ಯಾವುದೇ ಬಂಡೆಯನ್ನು ಹತ್ತಿರದಿಂದ ನೋಡಿದರೂ ಆ ಹರಳುಗಳು ಕಾಣುತ್ತವೆ.

ಆಳದಲ್ಲಿದ್ದಾಗ ಅದರ ಮೇಲಿದ್ದ ಹೊರೆ ಎಷ್ಟು? ಒಂದೇ ಒಂದು ಕಿಲೋಮೀಟರ್ ದಪ್ಪದ ಕಲ್ಲು ಮೇಲಿದ್ದರೂ, ಕೆಳಗಿನ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 270 ಕಿಲೋ ತೂಕ ಕೂತಂತೆ. ಅಂಥ ಒತ್ತಡದಲ್ಲಿ ಗಟ್ಟಿಯಾದ ಕಲ್ಲು ಅದುಮಿಸಿಕೊಂಡೇ ಇರುತ್ತದೆ. ಮುಂದೆ ಕೋಟ್ಯಂತರ ವರ್ಷಗಳ ಮಳೆ, ಗಾಳಿ, ಹೊಳೆಗಳು ಮೇಲಿನ ಕಲ್ಲನ್ನು ಸವೆಸಿ ಒಯ್ದವು. ಹೊರೆ ಇಳಿಯಿತು. ಅದುಮಿಟ್ಟಿದ್ದ ಕಲ್ಲು ಹಿಗ್ಗಬೇಕು. ಅಕ್ಕಪಕ್ಕಕ್ಕೆ ಹಿಗ್ಗಲು ಜಾಗವಿಲ್ಲ, ಮೇಲಕ್ಕೆ ಮಾತ್ರ ಬಯಲಿದೆ. ಹಾಗಾಗಿ ಅದು ಮೇಲ್ಮುಖವಾಗಿ ಹಿಗ್ಗಿ, ನೆಲದ ಮೇಲ್ಮೈಗೆ ಸಮಾನಾಂತರವಾಗಿ ಬಿರಿಯಿತು. ಭೂವಿಜ್ಞಾನಿಗಳು ಶೀಟ್ ಜಾಯಿಂಟ್ ಎನ್ನುವ ಇದನ್ನು ನಾವು ಪದರ ಬಿರುಕು ಎಂದು ಕರೆಯೋಣ. ಮೇಲ್ಭಾಗದಲ್ಲಿ ಪದರಗಳು ತೆಳು, ಆಳಕ್ಕೆ ಹೋದಂತೆ ದಪ್ಪ. ಇನ್ನೂ ಕೆಳಗೆ ಕಲ್ಲು ಬಿರುಕಿಲ್ಲದೆ ಬಿಗಿಯಾಗಿರುತ್ತದೆ. ಈ ಕೊನೆಯ ಮಾತನ್ನು ನೆನಪಿಡಿ, ಹೊಂಡಗಳ ಹತ್ತಿರ ಹೋದಾಗ ಬೇಕಾಗುತ್ತದೆ.

ಪದರ ಬಿರುಕುಗಳಲ್ಲದೆ ಇನ್ನೊಂದು ಬಗೆಯವೂ ಇವೆ. ಕಾದ ಕಲ್ಲು ತಣಿಯುವಾಗ ಕುಗ್ಗುತ್ತದೆ; ಭೂಮಿಯ ಚಿಪ್ಪು ಆಗಾಗ ಅದನ್ನು ತಳ್ಳುತ್ತದೆ, ಎಳೆಯುತ್ತದೆ. ಇದರಿಂದ ಮೇಲಿನಿಂದ ಕೆಳಕ್ಕೆ ಸೀಳುವ ಲಂಬ ಬಿರುಕುಗಳು ಹುಟ್ಟುತ್ತವೆ. ಅಡ್ಡಕ್ಕೆ ಪದರ, ಉದ್ದಕ್ಕೆ ಸೀಳು: ಎರಡೂ ಸೇರಿ ಇಡೀ ಬೆಟ್ಟವನ್ನು ದೊಡ್ಡ ದೊಡ್ಡ ಇಟ್ಟಿಗೆಗಳಾಗಿ ವಿಂಗಡಿಸಿಬಿಟ್ಟವು.

ಚೌಕ ಬಂಡೆ ಗುಂಡಾಗುವುದು

ಬಿರುಕು ಬಿದ್ದ ಮೇಲೆ ನೀರು ಒಳಗಿಳಿಯುತ್ತದೆ. ಗ್ರಾನೈಟಿನಲ್ಲಿ ಬಿಳಿ ಅಥವಾ ಗುಲಾಬಿ ಬಣ್ಣದಲ್ಲಿ ಕಾಣುವ ಖನಿಜ ಫೆಲ್ಡ್‌ಸ್ಪಾರ್. ಮಳೆನೀರು ಬರುವಾಗ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಬಂದಿರುತ್ತದೆ. ಆ ಸೌಮ್ಯ ಆಮ್ಲಕ್ಕೆ ಫೆಲ್ಡ್‌ಸ್ಪಾರ್ ಸಿಕ್ಕಿ ನಿಧಾನವಾಗಿ ಜೇಡಿಯಾಗುತ್ತದೆ. ಅದರ ಪಕ್ಕದ ಸ್ಫಟಿಕಶಿಲೆಯ ಹರಳು, ಅಂದರೆ ಕ್ವಾರ್ಟ್ಸ್, ಸುಲಭಕ್ಕೆ ಕರಗುವುದಿಲ್ಲ. ಹಿಡಿತ ತಪ್ಪಿ ಮರಳಾಗಿ ಉದುರುತ್ತದೆ.

ಬಂಡೆಯ ಮುಖದ ಮೇಲೆ ನೀರಿನ ದಾಳಿ ಒಂದೇ ಕಡೆಯಿಂದ. ಅಂಚಿನಲ್ಲಿ ಎರಡು ಕಡೆಯಿಂದ, ಮೂಲೆಯಲ್ಲಿ ಮೂರು ಕಡೆಯಿಂದ. ಹೀಗಾಗಿ ಮೂಲೆ ಮೊದಲು ಸವೆಯುತ್ತದೆ, ಅಂಚು ಆಮೇಲೆ. ಚೌಕಾಕಾರದ ಬಂಡೆ ಗುಂಡಾಗುತ್ತದೆ. ನಡುವಿನ ಜೇಡಿ, ಮರಳು ಮಳೆಗೆ ಕೊಚ್ಚಿಹೋದಾಗ ಒಂದರ ಮೇಲೊಂದು ಯಾರೋ ಎತ್ತಿಟ್ಟ ಹಾಗೆ ಕೂತ ಗುಂಡುಗಳು ಉಳಿಯುತ್ತವೆ. ದುರ್ಗಕ್ಕೆ ಬಂದವರೆಲ್ಲ ಇದು ಉರುಳದೆ ಹೇಗೆ ನಿಂತಿದೆ ಎಂದು ಕೇಳುತ್ತಾರೆ. ಅದನ್ನು ಯಾರೂ ಅಲ್ಲಿ ತಂದು ಇಟ್ಟಿಲ್ಲ; ಅದು ಹುಟ್ಟಿದಲ್ಲೇ ಇದೆ, ಸುತ್ತಲಿನದು ಮಾತ್ರ ಹೋಗಿದೆ. ಅಡಿಯ ಬಂಡೆಗೂ ಮೇಲಿನ ಬಂಡೆಗೂ ನಡುವೆ ಕಾಣುವ ಆ ಗೆರೆ ಹಳೆಯ ಪದರ ಬಿರುಕು.

ಬಿರುಕಿನ ತುದಿ

ಈಗ ಮನುಷ್ಯರು ಬರುತ್ತಾರೆ. ಬೆಟ್ಟದ ಬುಡದ ಚಂದ್ರವಳ್ಳಿಯಲ್ಲಿ ಪುರಾತತ್ವಜ್ಞರಾದ ಆರ್. ನರಸಿಂಹಾಚಾರ್, ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿ ನೋಡಿದರು. ಶಾತವಾಹನರ ನಾಣ್ಯಗಳ ಜೊತೆ ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕವು. ಎರಡು ಸಾವಿರ ವರ್ಷದ ಹಿಂದೆಯೇ ಇಲ್ಲಿ ವ್ಯಾಪಾರ ನಡೆಸುತ್ತಿದ್ದ ಊರಿತ್ತು. ಹೊಯ್ಸಳರ ಕಾಲಕ್ಕೆ ಈ ಜಾಗದ ಹೆಸರು ಬೆಮ್ಮತ್ತನಕಲ್ಲು. ವಿಜಯನಗರದ ಕಾಲದಲ್ಲಿ ತಿಮ್ಮಣ್ಣನಾಯಕನಿಗೆ ದುರ್ಗ ಸೇರಿತು. 1568ರಿಂದ ನಾಯಕರ ಆಳ್ವಿಕೆಯನ್ನು ಎಣಿಸುವುದು ವಾಡಿಕೆ. ಮುಂದಿನ ಎರಡು ಶತಮಾನಗಳಲ್ಲಿ ಈ ಪಾಳೆಯಗಾರರು ಬೆಟ್ಟಕ್ಕೆ ಸುತ್ತಿನ ಮೇಲೆ ಸುತ್ತು ಗೋಡೆ ಏರಿಸಿದರು.

ಅಷ್ಟು ಕಲ್ಲನ್ನು ಸೀಳಿದ್ದು ಹೇಗೆ? ಸಾಕ್ಷಿ ಇಂದಿಗೂ ಕೋಟೆಯೊಳಗಿದೆ. ಹಲವು ಬಂಡೆಗಳ ಮೇಲೆ ಅಂಗೈಗಿಂತ ಚಿಕ್ಕದಾದ ಚೌಕನೆಯ ಗುಳಿಗಳು ಒಂದೇ ಗೆರೆಯಲ್ಲಿ ಸಾಲಾಗಿವೆ. ಕೆಲವು ಕಡೆ ಗುಳಿ ತೋಡಿ, ಬಂಡೆ ಸೀಳದೆ ಬಿಟ್ಟುಹೋಗಿದ್ದಾರೆ. ಇನ್ನು ಕೆಲವು ಕಡೆ ಕಲ್ಲು ಎರಡಾಗಿದೆ. ಸೀಳಿದ ಮುಖದ ಮೇಲಂಚಿನಲ್ಲಿ ಅರ್ಧರ್ಧ ಗುಳಿಗಳ ಸಾಲು ಉಳಿದಿದೆ, ಅದರ ಕೆಳಗೆ ಉಳಿ ಮುಟ್ಟದ ಚಪ್ಪಟೆ ಮೈ. ಬೆರಳಾಡಿಸಿದರೆ ವ್ಯತ್ಯಾಸ ತಿಳಿಯುತ್ತದೆ: ಗುಳಿಯ ಒಳಗೆ ಚಾಣದ ಏಟಿನ ಒರಟು, ಕೆಳಗೆ ಒಡೆದ ಹರಳಿನ ಚೂಪು. ಗುಳಿ ಇಳಿದಿರುವುದು ಬೆರಳುಗಳ ಆಳಕ್ಕೆ, ಬಂಡೆ ಸೀಳಿರುವುದು ಆಳುದ್ದಕ್ಕೆ. ಅಷ್ಟು ಚಿಕ್ಕ ಗುಳಿ ಅಷ್ಟು ದೊಡ್ಡ ಕಲ್ಲನ್ನು ಒಡೆಯಲು ಹೇಗೆ ಸಾಕಾಯಿತು?

ಬಟ್ಟೆ ಅಂಗಡಿಯವರು ಥಾನಿನಿಂದ ಬಟ್ಟೆ ಹರಿಯುವುದನ್ನು ನೋಡಿರುತ್ತೀರಿ. ಬರಿಗೈಯಲ್ಲಿ ಎಳೆದರೆ ಬಟ್ಟೆ ಜಪ್ಪಯ್ಯ ಎನ್ನುವುದಿಲ್ಲ. ಅಂಚಿಗೆ ಕತ್ತರಿಯಿಂದ ಬೆರಳಗಲ ಕಚ್ಚು ಹಾಕಿ ಎರಡೂ ಬದಿ ಹಿಡಿದೆಳೆದರೆ, ಅದೇ ಬಟ್ಟೆ ಪರ್ರನೆ ನೇರಕ್ಕೆ ಹರಿಯುತ್ತದೆ. ಕೈಯ ಬಲ ಹೆಚ್ಚಲಿಲ್ಲ. ಕಚ್ಚು ಬೀಳುವ ಮೊದಲು ಎಳೆತ ಸಾವಿರಾರು ಎಳೆಗಳಿಗೆ ಹಂಚಿಹೋಗುತ್ತಿತ್ತು. ಕಚ್ಚು ಬಿದ್ದ ಮೇಲೆ ಅದರ ತುದಿಯ ಒಂದೆರಡು ಎಳೆಗಳ ಮೇಲೆ ಕೂಡಿಬಿತ್ತು. ಆ ಎಳೆ ಹರಿದೊಡನೆ ಭಾರ ಮುಂದಿನ ಎಳೆಗೆ, ಅಲ್ಲಿಂದ ಅದರ ಮುಂದಿನದಕ್ಕೆ.

ಕಲ್ಲಿನಲ್ಲೂ ಇದೇ ನಡೆಯುತ್ತದೆ. ಗ್ರಾನೈಟನ್ನು ಅದುಮಿ ಪುಡಿಮಾಡುವುದು ಬಹಳ ಕಷ್ಟ. ಎಳೆದು ಬಿಡಿಸುವುದಕ್ಕೆ ಅದರ ಹತ್ತರಲ್ಲೊಂದು ಪಾಲು ಬಲವೂ ಬೇಕಾಗುವುದಿಲ್ಲ. ಹರಳು ಹರಳಿನ ನಡುವೆ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಎಳೆತವೆಲ್ಲ ಅವುಗಳ ತುದಿಯಲ್ಲಿ ಕೂಡಿಕೊಳ್ಳುತ್ತದೆ. ಗಾಜು ತನ್ನ ಲೆಕ್ಕದ ಬಲಕ್ಕಿಂತ ಎಷ್ಟೋ ಕಡಿಮೆ ಬಲಕ್ಕೆ ಏಕೆ ಒಡೆಯುತ್ತದೆ ಎಂದು ಹುಡುಕುತ್ತ ಹೋದ ಇಂಗ್ಲೆಂಡಿನ ಎಂಜಿನಿಯರ್ ಎ.ಎ. ಗ್ರಿಫಿತ್ 1921ರಲ್ಲಿ ಕಂಡುಕೊಂಡದ್ದು ಇದನ್ನೇ. ಬಿರುಕು ಉದ್ದವಾದಷ್ಟೂ ಅದನ್ನು ಮುಂದಕ್ಕೆ ಒಯ್ಯಲು ಬೇಕಾಗುವ ಬಲ ಕಡಿಮೆ.

ಕಲ್ಲುಕುಟಿಗರು ಈ ವಿದ್ಯೆಯನ್ನು ಕೈಯಲ್ಲೇ ಕಲಿತಿದ್ದರು. ಗುಳಿಗಳ ಸಾಲಿಗೆ ಚಾಣಗಳನ್ನು ನಿಲ್ಲಿಸಿ, ಒಂದಕ್ಕೇ ಜೋರಾಗಿ ಬಡಿಯದೆ, ಸಾಲಿನುದ್ದಕ್ಕೂ ಸರದಿಯಂತೆ ಬಡಿಯುತ್ತ ಹೋಗುತ್ತಾರೆ. ಚಾಣದ ಓರೆಮೈ ಕೆಳಕ್ಕೆ ಬಿದ್ದ ಏಟನ್ನು ಅಕ್ಕಪಕ್ಕದ ತಳ್ಳಾಟವಾಗಿ ತಿರುಗಿಸುತ್ತದೆ. ಪ್ರತಿ ಗುಳಿಯಿಂದಲೂ ಸಣ್ಣ ಬಿರುಕು ಹೊರಟು, ಪಕ್ಕದ ಗುಳಿಯ ಬಿರುಕಿಗೆ ಕೂಡಿ, ಕೊನೆಗೆ ಒಂದೇ ಸೀಳಾಗುತ್ತದೆ. ಅನುಭವಿ ಕಿವಿಗೆ ಏಟಿನ ಸದ್ದು ಬದಲಾಗುವುದರಲ್ಲೇ ಕಲ್ಲು ಬಿಟ್ಟಿತೆಂದು ತಿಳಿಯುತ್ತದೆ. ಒಣ ಮರದ ಗೂಟ ಬಡಿದು, ನೀರುಣಿಸಿ ಉಬ್ಬಿಸುವ ಪದ್ಧತಿಯೂ ಹಳೆಯದು. ಬಂಡೆಯ ಮೇಲೆ ಬೆಂಕಿ ಹಾಕಿ, ಕಾದ ಮೇಲ್ಪದರ ಹಿಗ್ಗಿ ಅಡಿಯಿಂದ ಬಿಡಿಸಿಕೊಳ್ಳುವಂತೆ ಮಾಡುವ ವಿದ್ಯೆ ಕರ್ನಾಟಕದ ಕಲ್ಲುಗಣಿಗಳಲ್ಲಿ ಬಹುಕಾಲ ನಡೆದುಬಂತು. ಹೊರೆ ಇಳಿದಾಗ ಬೆಟ್ಟ ತಾನಾಗಿ ಮಾಡಿದ್ದನ್ನೇ ಬೆಂಕಿ ಒಂದು ದಿನದಲ್ಲಿ ಮಾಡಿಸುತ್ತದೆ.

ಇಲ್ಲೇ ಪದರ ಬಿರುಕಿನ ಉಪಕಾರ. ಚಪ್ಪಡಿಯ ಮೇಲ್ಮೈ, ಅಡಿಮೈ ಎರಡನ್ನೂ ಪ್ರಕೃತಿಯೇ ಬಿಡಿಸಿಟ್ಟಿರುತ್ತದೆ. ಕಲ್ಲುಕುಟಿಗ ಬಿಡಿಸಬೇಕಾದದ್ದು ಪಕ್ಕಗಳನ್ನು ಮಾತ್ರ. ಕಲ್ಲನ್ನು ದೂರದಿಂದ ಹೊತ್ತು ತರಬೇಕಿಲ್ಲ. ಗೋಡೆ ಏಳಬೇಕಾದ ಜಾಗದ ಪಕ್ಕದಲ್ಲೇ ಅರ್ಧ ಕೆಲಸ ಮುಗಿದ ಕಲ್ಲು ಬಿದ್ದಿದೆ.

ಗಾರೆಯಿಲ್ಲದ ಗೋಡೆ

ಕೋಟೆಯ ದೊಡ್ಡ ಗೋಡೆಗಳ ಕಲ್ಲಿನ ಸಂದುಗಳಲ್ಲಿ ಗಾರೆ ಕಾಣುವುದಿಲ್ಲ. ಕಲ್ಲುಗಳು ಒಂದೇ ಅಳತೆಯವಲ್ಲ; ಒಂದರ ಮೂಲೆ ಕೊರೆದು ಇನ್ನೊಂದರ ಮೂಲೆಗೆ ಕೂರಿಸಿದ್ದಾರೆ. ತೂಕವೇ ಇಲ್ಲಿ ಅಂಟು. ಮೇಲಿನ ಕಲ್ಲು ಕೆಳಗಿನದನ್ನು ಅದುಮುತ್ತದೆ, ಅದುಮುವ ಬಲಕ್ಕೆ ಗ್ರಾನೈಟ್ ಎಂದೂ ಸೋಲುವುದಿಲ್ಲ. ಬಹಳ ಕಡೆ ಗೋಡೆ ನೇರವಾಗಿ ತಾಯಿಬಂಡೆಯ ಮೇಲೆ ಕೂತಿರುವುದರಿಂದ ತಳಪಾಯ ಕುಸಿಯುವ ಭಯವೂ ಇಲ್ಲ, ಶತ್ರು ಅಡಿಯಲ್ಲಿ ಸುರಂಗ ತೋಡುವ ಭಯವೂ ಇಲ್ಲ.

ಗಾರೆ ಇಲ್ಲದಿರುವುದಕ್ಕೆ ಇನ್ನೊಂದು ಲಾಭವಿದೆ. ಗೋಡೆಯ ಹಿಂಬದಿಯ ಮಣ್ಣು ಮಳೆಗೆ ನೆನೆದಾಗ ಆ ನೀರು ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಸಿಮೆಂಟು ಮೆತ್ತಿದ ಇಂದಿನ ಎಷ್ಟೋ ತಡೆಗೋಡೆಗಳು ಮಳೆಗಾಲದಲ್ಲಿ ಬೀಳುವುದು ಈ ಕಾರಣಕ್ಕೆ. ದುರ್ಗದ ಗೋಡೆಯಲ್ಲಿ ಪ್ರತಿ ಸಂದೂ ನೀರು ಸೋರುವ ದಾರಿ. ಬಿರುಕಿನಿಂದ ಬಿಡಿಸಿದ ಕಲ್ಲನ್ನು ಮತ್ತೆ ಜೋಡಿಸುವಾಗಲೂ ಅವರು ಬಿರುಕನ್ನು ಉಳಿಸಿಕೊಂಡರು. ಗೋಡೆ ಉಳಿದದ್ದು ಅದರಿಂದ.

ಸುತ್ತುಗಳ ವಿನ್ಯಾಸವನ್ನೂ ಬೆಟ್ಟವೇ ಹೇಳಿಕೊಟ್ಟಿತು. ಏಳು ಸುತ್ತಿನಲ್ಲಿ ಕೆಲವು ಕೆಳಗಿನ ನೆಲದಲ್ಲಿ, ಉಳಿದವು ಬೆಟ್ಟದ ಮೇಲೆ. ಬಂಡೆಯೇ ಎದ್ದು ನಿಂತಲ್ಲಿ ಗೋಡೆ ನಿಂತುಬಿಡುತ್ತದೆ. ಬಂಡೆಗಳ ನಡುವೆ ಬಯಲು ಬಿಟ್ಟಲ್ಲಿ ಮತ್ತೆ ಶುರುವಾಗುತ್ತದೆ. ಬಾಗಿಲುಗಳು ಒಂದರೆದುರು ಒಂದಿಲ್ಲ. ಒಳಗೆ ಬಂದವನು ಎದುರು ಗೋಡೆಗೆ ಮುಖ ಕೊಟ್ಟು ಪಕ್ಕಕ್ಕೆ ತಿರುಗಬೇಕು, ಮತ್ತೆ ತಿರುಗಬೇಕು. ಬಾಗಿಲು ಒಡೆಯಲು ಬರುವ ಆನೆಗೆ ಓಡಿಬಂದು ಗುದ್ದುವಷ್ಟು ಜಾಗ ಸಿಕ್ಕುವುದಿಲ್ಲ; ತಿರುವಿನಲ್ಲಿ ನಿಂತ ಸೈನಿಕನ ಮೇಲೆ ಮೂರು ಕಡೆಯ ಗೋಡೆಯಿಂದ ಕಲ್ಲು, ಬಾಣ, ಗುಂಡು ಬೀಳುತ್ತವೆ. ಕೋಟೆಯೊಳಗಿನ ಗುಂಡಿಯಲ್ಲಿರುವ ನಾಲ್ಕು ಭಾರಿ ಬೀಸುವ ಕಲ್ಲುಗಳು ಮದ್ದು ಅರೆಯುವ ಕೆಲಸಕ್ಕಿದ್ದವು.

ಬೋಳು ಬಂಡೆಯ ಲೆಕ್ಕ

ಗೋಡೆ ಎಷ್ಟೇ ಗಟ್ಟಿಯಿದ್ದರೂ ಮುತ್ತಿಗೆಯಲ್ಲಿ ಕೋಟೆಯನ್ನು ಬಗ್ಗಿಸುವುದು ಬಾಯಾರಿಕೆ. ಹಾಗಾಗಿ ನೀರಿನ ಪ್ರಶ್ನೆಗೆ ಬರೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಒಂದು ಎಕರೆಯೆಂದರೆ ಸುಮಾರು 4,000 ಚದರ ಮೀಟರ್. 600 ಮಿಲಿಮೀಟರ್ ಮಳೆಗೆ ಅದರ ಮೇಲೆ ಬೀಳುವುದು 24 ಲಕ್ಷ ಲೀಟರ್.

ಹೊಲದ ಮೇಲೆ ಬಿದ್ದಿದ್ದರೆ ಇದರಲ್ಲಿ ಬಹುಪಾಲನ್ನು ಮಣ್ಣು ಕುಡಿದು, ಗಿಡ ಹೀರಿ, ಬಿಸಿಲು ಒಯ್ಯುತ್ತಿತ್ತು. ಬೋಳು ಬಂಡೆಗೆ ಕುಡಿಯುವ ಗುಣವಿಲ್ಲ. ಮೂರರಲ್ಲಿ ಒಂದು ಪಾಲು ಚದುರಿ ಹಾಳಾಯಿತೆಂದರೂ 16 ಲಕ್ಷ ಲೀಟರ್ ಹರಿದು ಬರುತ್ತದೆ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 10 ಲೀಟರ್ ಹಿಡಿದರೆ, ಒಂದೇ ಎಕರೆ ಬಂಡೆಯ ಮಳೆ 400 ಜನಕ್ಕೆ ವರ್ಷವಿಡೀ ಸಾಕು. ಬೆಟ್ಟದ ಮೇಲೆ ಇಂಥ ಎಕರೆಗಳಿಗೆ ಬರವಿಲ್ಲ. ಬೆಳೆಗೆ ಸಾಲದ ಮಳೆ ಕೋಟೆಗೆ ಧಾರಾಳ. ಬೆಟ್ಟ ಬೋಳಾಗಿದ್ದದ್ದು ಕೊರತೆಯಲ್ಲ, ಅದೇ ಕೋಟೆಯ ನೀರಿನ ಸಂಪತ್ತು.

ಆದರೆ ಮಳೆ ಹಂಚಿಕೊಂಡು ಬರುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಸುರಿದದ್ದನ್ನು ಮುಂದಿನ ಮೇ ತಿಂಗಳವರೆಗೆ ಹಿಡಿದಿಡಬೇಕು. ನೀರಿಗೆ ಇಬ್ಬರು ಕಳ್ಳರು: ಅಡಿಯಲ್ಲಿ ಸೋರಿಕೆ, ಮೇಲೆ ಬಿಸಿಲು. ಸೋರಿಕೆಗೆ ಉತ್ತರ ಆಗಲೇ ಸಿಕ್ಕಿದೆ. ಪದರ ಬಿರುಕುಗಳ ಕೆಳಗಿನ ಕಲ್ಲು ಬಿಗಿಯಾಗಿದೆ. ಹೊಂಡದ ತಳ ಅಲ್ಲಿಗೆ ಮುಟ್ಟಿದರೆ ನೀರು ಇಳಿಯುವುದಿಲ್ಲ. ಬಿಸಿಲಿನ ಕಾಟ ದೊಡ್ಡದು. ಈ ಸೀಮೆಯಲ್ಲಿ ಬಯಲಿಗೆ ತೆರೆದಿಟ್ಟ ನೀರು ವರ್ಷಕ್ಕೆ ಒಂದೂವರೆ ಮೀಟರಿಗೂ ಮಿಕ್ಕಿ ಆವಿಯಾಗುತ್ತದೆ. ಅಗಲವಾದ, ಆಳವಿಲ್ಲದ ಕೆರೆ ಬೇಸಿಗೆಯೊಳಗೆ ಬರಿದಾಗುತ್ತದೆ. ಬಂಡೆಗಳ ನಡುವಿನ ತಗ್ಗಿನಲ್ಲಿ ಆಳವಾಗಿ ನಿಂತ ನೀರಿಗೆ ಬಿಸಿಲು ತಾಗುವ ಮೈ ಕಡಿಮೆ, ನೆರಳೂ ಉಂಟು.

ಹೊಂಡದಿಂದ ಹೊಂಡಕ್ಕೆ

ಬೆಟ್ಟದ ಮೇಲಿನ ಗೋಪಾಲಸ್ವಾಮಿ ಹೊಂಡ ಇಂಥ ತಗ್ಗಿನಲ್ಲಿದೆ. ಅದು ತುಂಬಿ ಕೋಡಿ ಬಿದ್ದ ನೀರು ಅಕ್ಕತಂಗಿ ಹೊಂಡಕ್ಕೆ ಇಳಿಯುತ್ತದೆ. ಇನ್ನೂ ಕೆಳಗೆ, ಬುಡದಲ್ಲಿ ಸಿಹಿನೀರು ಹೊಂಡವಿದೆ, ಪೇಟೆಯಲ್ಲಿ ಸಂತೆ ಹೊಂಡವಿದೆ. ಮೇಲಿನದು ತುಂಬುವವರೆಗೆ ಕೆಳಗಿನದಕ್ಕೆ ನೀರಿಲ್ಲ. ಮೇಲಿನದು ತುಂಬಿದ ಮೇಲೆ ಒಂದು ಹನಿಯೂ ಪೋಲಾಗುವುದಿಲ್ಲ.

ಈ ಸರಪಳಿಯಲ್ಲಿ ಮೂರು ಬುದ್ಧಿವಂತಿಕೆಗಳಿವೆ. ಹರಿದು ಬಂದ ಮಣ್ಣು, ಮರಳು ಮೇಲಿನ ಹೊಂಡದ ತಳದಲ್ಲಿ ಕೂತು, ಕೋಡಿಯಲ್ಲಿ ಹೋಗುವುದು ತಿಳಿನೀರು. ಹೊಂಡಗಳು ಹಲವಿರುವುದರಿಂದ ಒಂದು ಕೆಟ್ಟರೂ ಊರು ಬದುಕುತ್ತದೆ. ಹೊರಗಿನ ಸುತ್ತುಗಳು ಶತ್ರುವಿನ ಪಾಲಾದರೂ ಎತ್ತರದ, ಮೊದಲು ತುಂಬುವ ಹೊಂಡ ಒಳಗಿನವರ ಕೈಯಲ್ಲೇ ಉಳಿಯುತ್ತದೆ. ನೀರನ್ನು ಎತ್ತುವ ಯಂತ್ರ ಎಲ್ಲೂ ಬೇಡ. ಎಲ್ಲ ಕೆಲಸವನ್ನೂ ಇಳಿಜಾರು ಮಾಡುತ್ತದೆ.

ಈ ಜಾಣ್ಮೆ ನಾಯಕರಿಂದ ಶುರುವಾದದ್ದಲ್ಲ. ಚಂದ್ರವಳ್ಳಿಯ ಬಂಡೆಯೊಂದರ ಮೇಲಿರುವ ಪ್ರಾಕೃತ ಶಾಸನ ಕದಂಬ ವಂಶದ ಮೂಲಪುರುಷ ಮಯೂರಶರ್ಮನದು, 4ನೆಯ ಶತಮಾನದ್ದು. ಅದು ದಾಖಲಿಸುವುದು ಒಂದು ಕೆರೆಯ ಕೆಲಸವನ್ನು. ನಾಯಕರೂ ಅದೇ ಹಾದಿ ಹಿಡಿದರು. ಹತ್ತಿರದ ಭರಮಸಾಗರ ಕೆರೆಗೆ 1689ರಿಂದ 1721ರವರೆಗೆ ಆಳಿದ ಭರಮಣ್ಣನಾಯಕನ ಹೆಸರಿದೆ.

ಕಿಂಡಿಯ ವಿಜ್ಞಾನ

ಓಬವ್ವನ ಕಿಂಡಿಯ ಬಳಿ ತಣ್ಣೀರು ದೋಣಿ ಎಂಬ ಪುಟ್ಟ ಜಾಗವಿದೆ. ವರ್ಷವಿಡೀ ಅಲ್ಲಿ ತಂಪು ನೀರು. ದೊಡ್ಡ ಹೊಂಡಗಳಿಗೆ ಮಳೆ ನೇರವಾಗಿ ಹರಿದು ಬಂದರೆ, ಇಂಥ ಕಡೆ ಅದು ನಿಧಾನವಾಗಿ ಬರುತ್ತದೆ. ಮೇಲಿನ ಬಂಡೆಗಳ ಬಿರುಕಿಗೆ ಇಳಿದ ನೀರು, ಜೇಡಿ ತುಂಬಿದ ಸಂದುಗಳಲ್ಲಿ ತೊಟ್ಟುತೊಟ್ಟಾಗಿ ಜಿನುಗುತ್ತ, ಬಿಗಿಯಾದ ಪದರ ಎದುರಾದಲ್ಲಿ ಹೊರಗೆ ಕಾಣಿಸಿಕೊಳ್ಳುತ್ತದೆ. ಬಂಡೆಯ ಒಳಮೈಗೆ ಬಿಸಿಲು ತಟ್ಟದ ಕಾರಣ ನೀರು ತಣ್ಣಗಿರುತ್ತದೆ.

ಅದರ ಪಕ್ಕದಲ್ಲೇ ಕಿಂಡಿ. ಎರಡೂ ಹತ್ತಿರವಿರುವುದು ಆಕಸ್ಮಿಕವಲ್ಲ. ನೀರು ಹೊರಬರುವಷ್ಟು ಬಿರುಕುಬಿಟ್ಟ ಜಾಗದಲ್ಲೇ ಬಂಡೆಗಳ ನಡುವೆ ಮನುಷ್ಯ ತೂರುವಷ್ಟು ಸಂದೂ ಬೀಳುತ್ತದೆ. ಅಂಥ ಸಂದನ್ನು ಕಲ್ಲಿನಿಂದ ಪೂರ್ತಿ ಮುಚ್ಚಿದರೆ ಮಳೆಗಾಲದ ನೀರು ಕಟ್ಟಿಕೊಂಡು ಅದನ್ನು ತಳ್ಳುತ್ತದೆ. ತೆರೆದಿಟ್ಟರೆ ಮನುಷ್ಯ ಬರುತ್ತಾನೆ. ಅಲ್ಲಿ ಗೋಡೆಗಿಂತ ಕಾವಲೇ ಸರಿಯಾದ ಉಪಾಯ, ಮುದ್ದಹನುಮನಂಥ ಕಾವಲುಗಾರರು ಇದ್ದದ್ದು ಅದಕ್ಕೇ. ಒಬ್ಬೊಬ್ಬರಾಗಿಯೇ ಬರಬೇಕಾದ ಇಕ್ಕಟ್ಟು ಒಬ್ಬಳೇ ಹೆಣ್ಣುಮಗಳಿಗೂ ದಳವನ್ನು ತಡೆಯುವ ಅನುಕೂಲ ಕೊಟ್ಟಿತು. ಒಳದಾರಿ ಕೊಟ್ಟ ಬಿರುಕೇ ಆ ದಾರಿಯನ್ನು ಕಿರಿದಾಗಿಯೂ ಇಟ್ಟಿತ್ತು. ಹೈದರಾಲಿ ಮತ್ತೆ ಮತ್ತೆ ಮುತ್ತಿಗೆ ಹಾಕಬೇಕಾಯಿತು. 1779ರಲ್ಲಿ ಕೋಟೆ ಅವನ ಕೈಗೆ ಬಂತು, ಕೊನೆಯ ದೊರೆ ಮದಕರಿನಾಯಕ ಸೆರೆಯಾಗಿ ಶ್ರೀರಂಗಪಟ್ಟಣ ಸೇರಿದ.

ಬಿರುಕು ನಿಂತಿಲ್ಲ

ಕೋಟೆಗೆ ಇಂದು ದೊರೆಯಿಲ್ಲ, ಮುತ್ತಿಗೆಯಿಲ್ಲ. ಬಿರುಕುಗಳ ಕೆಲಸ ಮಾತ್ರ ನಡೆದೇ ಇದೆ. ಹಕ್ಕಿ ಉದುರಿಸಿದ ಆಲ, ಅರಳಿಯ ಬೀಜ ಗೋಡೆಯ ಸಂದಿನಲ್ಲಿ ಮೊಳೆತರೆ, ಅದರ ಬೇರು ದಪ್ಪವಾಗುತ್ತ ಚಾಣದ ಕೆಲಸವನ್ನೇ ಮಾಡುತ್ತದೆ. ಕಲ್ಲುಕುಟಿಗ ಒಂದು ದಿನದಲ್ಲಿ ಮಾಡಿದ್ದನ್ನು ಬೇರು ಹಲವು ವರ್ಷಗಳಲ್ಲಿ ಮಾಡುತ್ತದೆ. ಬಿರುಕಿನ ತುದಿಯಲ್ಲಿ ಎಳೆತ ಕೂಡಿಕೊಳ್ಳುವ ನಿಯಮ ಎರಡಕ್ಕೂ ಒಂದೇ. ಸಸಿಯಾಗಿದ್ದಾಗ ಎರಡು ಬೆರಳಲ್ಲಿ ಕೀಳಬಹುದಾದದ್ದನ್ನು ಮರವಾದ ಮೇಲೆ ಕಿತ್ತರೆ ಗೋಡೆಯೂ ಜೊತೆಗೆ ಬರುತ್ತದೆ. ಸಂದುಗಳಿಗೆ ಸಿಮೆಂಟು ಮೆತ್ತಿದರೆ ನೀರಿನ ದಾರಿ ಮುಚ್ಚಿ, ಇನ್ನೂರು ಮುನ್ನೂರು ಮಳೆಗಾಲ ತಡೆದ ಗೋಡೆ ಉಬ್ಬಲು ಶುರುವಾಗುತ್ತದೆ.

ಹೊಂಡಗಳ ಸ್ಥಿತಿಯೂ ಹೀಗೆಯೇ. ಹೊಂಡವನ್ನಷ್ಟೇ ಹೂಳೆತ್ತಿ, ಸುತ್ತ ಬೇಲಿ ಹಾಕಿದರೆ ಅರ್ಧ ಕೆಲಸ. ನೀರು ಹುಟ್ಟುವುದು ಹೊಂಡದಲ್ಲಲ್ಲ, ಅದರ ಮೇಲಿನ ಎಕರೆಗಟ್ಟಲೆ ಬೋಳು ಬಂಡೆಯ ಮೇಲೆ. ಅಲ್ಲಿ ಬಿದ್ದ ಪ್ಲಾಸ್ಟಿಕ್ ಬಾಟಲಿ, ಚಿಪ್ಸಿನ ಪೊಟ್ಟಣ ಮುಂದಿನ ಮಳೆಗೆ ಕೋಡಿಯ ಬಾಯಿಗೆ ಬಂದು ಕೂರುತ್ತದೆ. ಸರಪಳಿಯ ಒಂದು ಕೊಂಡಿ ಕಟ್ಟಿಕೊಂಡರೆ ಕೆಳಗಿನ ಹೊಂಡಗಳೆಲ್ಲ ಬಾಯಾರುತ್ತವೆ.

ಆದ್ದರಿಂದ ಕೋಟೆಯ ರಕ್ಷಣೆಯೆಂದರೆ ಗೋಡೆಯ ರಕ್ಷಣೆಯಷ್ಟೇ ಅಲ್ಲ. ಗುಳಿ ತೋಡಿ ಬಿಟ್ಟ ಬಂಡೆ, ನೀರು ಹರಿಯುವ ಇಳಿಜಾರು, ಜಿನುಗುವ ಸಂದು ಇವೂ ಕೋಟೆಯೇ. ದುರ್ಗವನ್ನು ಕಟ್ಟಿದವರು ಬೆಟ್ಟವನ್ನು ಓದಿ ಕಟ್ಟಿದರು. ಅದನ್ನು ಉಳಿಸಿಕೊಳ್ಳಬೇಕಾದ ನಾವೂ ಬೆಟ್ಟವನ್ನು ಓದಲು ಕಲಿಯಬೇಕು. ಮುಂದಿನ ಸಲ ಮೇಲೆ ಹತ್ತಿದಾಗ ಮಕ್ಕಳಿಗೆ ಕಿಂಡಿಯನ್ನು ತೋರಿಸಿ, ಜೊತೆಗೆ ಅದು ಯಾವ ಬಿರುಕಿನಿಂದ ಹುಟ್ಟಿತು, ಆ ಬಿರುಕು ಮೇಲೆ ಎಲ್ಲಿಯವರೆಗೆ ಹೋಗಿದೆ, ಅದರ ನೀರು ಯಾವ ಕಡೆಗೆ ಇಳಿಯುತ್ತದೆ ಎಂದು ಹುಡುಕಲು ಹೇಳಿ. ಉತ್ತರ ಕಣ್ಣೆದುರಿನ ಕಲ್ಲಿನಲ್ಲೇ ಇದೆ.